ಪೆನಾಲ್ಟಿಯ ಸುಳ್ಳು

ರೊಸಾರಿಯೋ, ಸೋಮವಾರ

ಎವಾರಿಸ್ತೋ ಮೇಷ್ಟ್ರೇ,

ಗೋರಿಗೆ ಅಂಚೆಯವನು ಬರುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಕುರ್ಚಿಯಲ್ಲೀಗ ನಾನೇ ಕೋಚು. ನಿನ್ನೆ ನಮ್ಮ ತಂಡದ ಹುಡುಗ ನಹುವೆಲ್, ನಾಯಕನ ಕೈಯಿಂದ ಚೆಂಡು ಕಸಿದು, ಪೆನಾಲ್ಟಿಯನ್ನು ಪರಾನಾ ನದಿಯ ದಿಕ್ಕಿಗೆ ಹಾರಿಸಿದ. ಸೋತೆವು.

ಮೂವತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಅದನ್ನೇ. ಗುರಿ ತಪ್ಪಿದ್ದು ನನ್ನದು, ಕೆಲಸ ತಪ್ಪಿದ್ದು ನಿಮ್ಮದು.

ಪತ್ರಕರ್ತರಿಗೆ ನಿಮ್ಮ ಆ ಹಳೆಯ ಸುಳ್ಳನ್ನೇ ಹೇಳಿದೆ: "ನಾನೇ ಹೊಡಿ ಅಂದಿದ್ದೆ."

ಹಿಂದಿನಿಂದ ನಹುವೆಲ್ ಕೂಗಿದ: "ಸುಳ್ಳು ಕಣ್ರೀ! ಮೇಷ್ಟ್ರು ಬೇಡ ಅಂದ್ರೂ ನಾನೇ ಕಿತ್ಕೊಂಡೆ. ಬೈಯೋದಿದ್ರೆ ನಂಗೆ ಬೈರಿ!"

ಅಂದು ನೀವು ಪತ್ರಕರ್ತರೆದುರು ನಿಂತಾಗ ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಬಹಳ ಹೊತ್ತು ಕಟ್ಟಿದೆ.

ಕ್ಲಬ್ಬಿನ ಅಧ್ಯಕ್ಷರು ಅವನನ್ನು ತಂಡದಿಂದ ತೆಗೆಯಿರಿ ಎನ್ನುತ್ತಿದ್ದಾರೆ. ಮೊದಲು ನನ್ನನ್ನು ತೆಗೆಯಲಿ. ಭಾನುವಾರ ಪೆನಾಲ್ಟಿ ಸಿಕ್ಕರೆ ಹೊಡೆಯುವವನು ಅವನೇ. ಈ ಸಲ ನಾನೇ ಹೇಳಿರುತ್ತೇನೆ.

ನಿಮ್ಮ ಒಂಬತ್ತನೇ ನಂಬರು,
ಫಾಬ್ರಿಸಿಯೋ