ಟೊಳ್ಳಾಗುವುದು ನೋಯುವುದಿಲ್ಲ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮೈ ಡಿಯರ್ ಬಡಕಲಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದಿದ್ದಕ್ಕೆ ಬೈಯಿ, ಆದರೆ ಪೂರ್ತಿ ಓದಿ ಬೈಯಿ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಕಾಲೇಜಿನಲ್ಲಿ ನಾವು ಬರೆದ ರಜಾ ಚೀಟಿಗಳೆಲ್ಲ ಬರೀ ಓಳು. ಈ ಸಲ ‘ಸಫರಿಂಗ್’ ನಿಜ, ಫೀವರ್ ಒಂದಿಲ್ಲ. ನಿನ್ನ ಮಂಡಿ ಹೇಗಿದೆ? ಅತ್ತಿಗೆ ಈಗಲೂ ಗದರಿಸಿ ವಾಕಿಂಗ್ ಕಳಿಸುತ್ತಾಳೋ?

ನನ್ನ ಬೆನ್ನು ಕೈಕೊಟ್ಟಿದೆ. ಮೊದಲು ನಾನೇ ವೈದ್ಯನಾದೆ. ಬೆನ್ನು ಬಿಟ್ಟ ಪುಸ್ತಕಕ್ಕೆ ನಾವು ಬೈಂಡರುಗಳು ಏನು ಮಾಡುತ್ತೇವೆ? ಅಂಟು ಹಚ್ಚಿ, ಬಟ್ಟೆ ಸುತ್ತಿ, ಪ್ರೆಸ್ಸಿನಲ್ಲಿಟ್ಟು, ಒಣಗುವ ತನಕ ಮುಟ್ಟುವುದಿಲ್ಲ. ಹಾಗೇ ಮನೆಯಲ್ಲಿ ಉಳಿದಿದ್ದ ಕ್ಯಾನ್ವಾಸನ್ನು ಸೊಂಟದಿಂದ ಎದೆಯವರೆಗೆ ಬಿಗಿದು, ವಾರಗಟ್ಟಲೆ ಅಲುಗಾಡದೆ ಮಲಗಿದೆ. ಆಮೇಲೆ ಏಳಲಿಕ್ಕೇ ಆಗಲಿಲ್ಲ. ಪಕ್ಕದ ಮನೆಯ ಟ್ಯಾಕ್ಸಿಯವನು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಹಾಕಿದ.

ಡಾಕ್ಟರಮ್ಮ ಕ್ಯಾನ್ವಾಸು ಬಿಚ್ಚುತ್ತಾ, "ಏನಜ್ಜಾ, ನಿಮ್ಮನ್ನೇ ಬೈಂಡ್ ಮಾಡ್ಕೊಂಡಿದ್ದೀರಲ್ಲ!" ಎಂದಳು. ನಕ್ಕೆ. ನಕ್ಕದ್ದೂ ನೋಯಿತು. "ಮಲಗಿದಷ್ಟೂ ಮೂಳೆ ಇನ್ನೂ ಸವೆಯುತ್ತೆ. ಯಾರ್ ಹೇಳಿದ್ರು ಮಲಗೋಕೆ?" ಎಂದು ಗದರಿದಳು. ಉಬ್ಬಸಕ್ಕೆಂದು ವರ್ಷಾನುಗಟ್ಟಲೆ ನುಂಗಿದೆನಲ್ಲ ಸ್ಟೀರಾಯ್ಡ್ ಮಾತ್ರೆ, ಅದೇ ಒಳಗೊಳಗೇ ಮೂಳೆಯನ್ನು ತಿಂದುಹಾಕಿದೆಯಂತೆ.

"ಇಷ್ಟು ವರ್ಷ ತಿಂತಿದ್ರೆ ನಂಗ್ಯಾಕಮ್ಮ ಗೊತ್ತಾಗ್ಲಿಲ್ಲ?"

"ಟೊಳ್ಳಾಗೋದು ನೋಯಲ್ಲ ಅಜ್ಜಾ. ಮುರಿದಾಗ್ಲೇ ನೋಯೋದು. ನಿಮ್ಮ ಬೆನ್ನಿನ ಒಂದು ಮೂಳೆ ಕುಸಿದು ಚಪ್ಪಟೆಯಾಗಿದೆ. ಬೆನ್ನನ್ನ ನೆಟ್ಟಗೆ ಹಿಡಿಯೋಕೆ ಹೆಣಗಿ ಸುತ್ತಲಿನ ಸ್ನಾಯುಗಳೂ ನೋಯ್ತಿವೆ. ಎಲ್ಲಾದ್ರೂ ಬಿದ್ರಾ?"

"ಇಲ್ಲಮ್ಮ, ಜೋರಾಗಿ ಸೀನಿದೆ."

"ಒಂದೊಂದ್ಸಲ ಅಷ್ಟೇ ಸಾಕು," ಎಂದು ನಂಬಿದಳು.

ಇದಕ್ಕೆಲ್ಲ ಮುಂಚೆ ಒಂದು ದಿನ ಮಗಳು ಮನೆಗೆ ಬಂದಿದ್ದಳು. ಅವಳಮ್ಮ ಹೋದ ಮೇಲೆ ನಾನು ಅಂಗಡಿ ಮಾರಿದೆ, ಅಮ್ಮ ಕೂತು ಹಾಳೆ ಹೊಲಿಯುತ್ತಿದ್ದ ಚೌಕಟ್ಟನ್ನೂ ಕೊಟ್ಟುಬಿಟ್ಟೆ ಎಂದು ಮಾತು ಬಿಟ್ಟಿದ್ದಳಲ್ಲ, ಅವಳೇ. ಹೇಳದೆ ಕೇಳದೆ ಬಂದಳು, ಬಾಗಿಲಿನಿಂದಲೇ ತಿರುಗಿ ಹೋದಳು. ಆಮೇಲೆ ಒಂದು ಫೋನೂ ಇಲ್ಲ. ಇನ್ನು ಅವಳು ಬರುವುದಿಲ್ಲ ಕಣೋ. ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ, ಡಾಕ್ಟರಮ್ಮ ದಿನಾ ನಡೆಯಿರಿ ಎಂದಿದ್ದಾಳೆ. ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಲ್ಲುತ್ತೇನೆ. ಯಾಕೆ ಬಂದೆನೆಂದೇ ತಿಳಿಯುವುದಿಲ್ಲ, ವಾಪಸ್ಸು ಬರುತ್ತೇನೆ. ನಡೆದು ಎಲ್ಲಿಗೆ ಹೋಗಲಿ?

ಇರಲಿ. ನೀನೂ ಅತ್ತಿಗೆಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನೂರು ವರ್ಷ ಬಾಳಿ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ.

ಯುವರ್ಸ್ ಒಬೀಡಿಯೆಂಟ್ಲಿ (ಸಿನ್ಸಿಯರ್ಲಿಯೋ? ಮರೆತಿದೆ),
ಗೋಂದು

ಮರುಬರಹ: ನಾನು ಸೀನಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಮಗಳು, "ಅಪ್ಪಾ, ಸಾಕಪ್ಪಾ ಈ ಜಗಳ," ಎಂದು ಬಿಗಿಯಾಗಿ ತಬ್ಬಿಕೊಂಡಳು. ಬೆನ್ನೊಳಗೆ ಏನೋ ಲಟಕ್ಕೆಂದಿತು. "ಬಿಡೇ!" ಎಂದು ಕಿರುಚಿ ಅವಳನ್ನು ದಬ್ಬಿಬಿಟ್ಟೆ. ಉಸಿರು ಕಟ್ಟಿ ಮುಂದೆ ಮಾತೇ ಹೊರಡಲಿಲ್ಲ. "ಇನ್ನೂ ಇಷ್ಟು ಕೋಪಾನಾ?" ಎಂದು ನೋಡುತ್ತಾ ನಿಂತಳು, ಹೊರಟುಹೋದಳು. ನಿಜ ಹೇಳಿದರೆ ಓಡಿ ಬರುತ್ತಾಳೆ, ಗೊತ್ತು. ಆದರೆ ಅವಳ ಸ್ವಭಾವ ನೀನೂ ಬಲ್ಲೆ. ಅಪ್ಪನ ಬೆನ್ನು ಮುರಿದದ್ದು ತನ್ನ ತೋಳು ಎಂದು ತಿಳಿದರೆ ಮತ್ತೆ ಯಾರನ್ನೂ ತಬ್ಬಲಾರಳು. ಮಡಿಲಲ್ಲಿ ಪುಟ್ಟ ಮಗುವಿದೆ, ನಾನಿನ್ನೂ ಅದರ ಮುಖ ನೋಡಿಲ್ಲ. ನೀನೂ ಬಾಯಿ ಬಿಡಬೇಡ. ಅಪ್ಪನದು ಕಲ್ಲೆದೆ ಎಂದೇ ಅವಳು ತಿಳಿದಿರಲಿ.