ಪ್ಯಾಂಟು ಕಂಡು ಓಡಿದ ಹಂಗಳದ ದನಗಳ ಬಗ್ಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ. ಮಗಳು ರೂಪಶ್ರೀಯ ಮದುವೆಗೆಂದು ನಾನು ಹೊಲಿಸಿಕೊಂಡಿದ್ದ ಕಪ್ಪು ಟೆರಿಕಾಟ್ ಪ್ಯಾಂಟು ಒಂದು. ಊರ ದನ ಕಾಯುವ, ಪಕ್ಕದ ಮನೆಯ ಮಾದಣ್ಣನ ಮಗಳ ಸ್ಕೂಲಿನ ಕಾಲುಚೀಲ ಒಂದು ಜೊತೆ. ಅರ್ಧ ಊರಿನ ಒಂದು ದಿನದ ಕೂಲಿ. ಮಾದಣ್ಣನ ಹೆಂಡತಿ ಮರಿತಾಯಮ್ಮನ ಬಾಯಿಗೆ ಸಿಕ್ಕಿ ಹೋದ ನನ್ನ ಮರ್ಯಾದೆ. ಇಷ್ಟನ್ನೂ ತಮ್ಮ ಕರಪತ್ರದ ಒಂದೇ ಸಾಲಿನ ಲೆಕ್ಕಕ್ಕೆ ಬರೆದುಕೊಳ್ಳಿ.

ಆ ಸಾಲು ಹೀಗಿದೆ: "ಕಾಡಂಚಿನಲ್ಲಿ ದನ ಮೇಯಿಸುವವರು ಉಣ್ಣೆ ಹುಳ ಕಚ್ಚಿ ಜ್ವರ ಬರದಂತೆ ಪ್ಯಾಂಟು ಧರಿಸಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸತಕ್ಕದ್ದು." ತಮ್ಮ ಜೀಪು ಹಂಗಳಕ್ಕೆ ಬಂದು ಮೈಕಿನಲ್ಲಿ ಇದನ್ನು ಸಾರಿದಾಗ ಊರೆಲ್ಲ ಪಂಚೆಯಲ್ಲಿ ನಿಂತು ಕೇಳಿತು. ಪ್ಯಾಂಟು ಎಲ್ಲಿಂದ ತರಬೇಕೆಂಬುದು ಮಾತ್ರ ಕರಪತ್ರದಲ್ಲಿರಲಿಲ್ಲ. ಈರುಳ್ಳಿ ಮೂಟೆ ಹೊತ್ತು ಗುಂಡ್ಲುಪೇಟೆಯಲ್ಲಿ ಮಂಡಿಯ ಯಜಮಾನನಾದ ಹಂಗಳದವನು ನಾನು. ಜನ ಸೇರಿದ ಕಡೆ ಬಾಯಿ ಸುಮ್ಮನಿರುವುದಿಲ್ಲ. "ಮಾದಣ್ಣನಿಗೆ ನನ್ನದು ಕೊಡ್ತೀನಿ" ಎಂದುಬಿಟ್ಟೆ. ತಮ್ಮವರು ಅವನಿಗೆ ತೊಡಿಸಿ, ಫೋಟೊ ತೆಗೆದುಕೊಂಡು ಹೊರಟುಹೋದರು.

ಮಾನ್ಯರೇ, ಸೂಚನೆಯನ್ನು ಮನುಷ್ಯರಿಗೆ ಕೊಟ್ಟಿರಿ. ದನಗಳಿಗೆ ಯಾರು ಕೊಡಬೇಕಿತ್ತು? ನಮ್ಮ ದನಗಳು ಹುಟ್ಟಿದಂದಿನಿಂದ ಕಂಡಿರುವ ಪ್ಯಾಂಟು ಒಂದೇ, ಕಾಡಿನಿಂದ ಕೋಲು ಬೀಸಿ ಅಟ್ಟುವ ಫಾರೆಸ್ಟ್ ಗಾರ್ಡುಗಳದು. ಮರುದಿನ ಬೆಳಿಗ್ಗೆ ಮಾದಣ್ಣ ಪ್ಯಾಂಟು ತೊಟ್ಟು, ಕೋಲು ಹಿಡಿದು ಊರ ಕಡೆ ನಿಂತ. ಅವು ಬಾಲ ಎತ್ತಿ ಕಾಡಿನ ಕಡೆ ಓಡಿದವು. ಉಣ್ಣೆಯಿಂದ ದೂರವಿರಿಸುವ ಕ್ರಮ ಉಣ್ಣೆಯ ಮನೆಗೇ ನೆಂಟಸ್ತಿಕೆ ಬೆಳೆಸಿತು! ಸಂಜೆಗೆ ಎಲ್ಲ ಬಂದವು, ಮರಿತಾಯಮ್ಮನ ತುಂಬುಗಬ್ಬದ ಹಸು ಒಂದನ್ನು ಬಿಟ್ಟು. ಆ ಮನೆಗಿದ್ದ ಕರಾವು ಅದೊಂದೇ.

"ನಿಮ್ಮ ಪ್ಯಾಂಟ್ ಕಂಡೇ ಓಡೋಯ್ತು ಕಣ್ರೀ ನನ್ನಸ! ಉಲಿ ತಿನ್ಕಂಡ್ರೆ ಕರಪತ್ರ ಆಲ್ ಕೊಟ್ಟದಾ?" ಎಂದು ಮರಿತಾಯಮ್ಮ ನನ್ನ ಜಗಲಿ ಮುಂದೆಯೇ ನಿಂತು ಕೇಳಿದಳು. ತಾವು ಉತ್ತರಿಸಬೇಕಾದ ಪ್ರಶ್ನೆಗೆ, ಬೆಳಿಗ್ಗೆ ಜನ ಕರೆದುಕೊಂಡು ಹುಡುಕಿಸುತ್ತೇನೆಂದು ನಾನು ಮಾತು ಕೊಟ್ಟೆ.

ಬೆಳಗಾದೊಡನೆ ಅರ್ಧ ಊರು ಹುಡುಕಲು ಹೊರಟಿತು. ಹಸುವನ್ನು ಕಂಡವನು ಮಾದಣ್ಣನೇ. ಪೊದೆಯೊಂದರ ಮರೆಯಲ್ಲಿ ಕರು ಹಾಕಿ, ಅದನ್ನು ನೆಕ್ಕುತ್ತ ನಿಂತಿತ್ತಂತೆ. ಅಂದೂ ಪ್ಯಾಂಟಿನಲ್ಲೇ ಹೋಗಿದ್ದವನು ಕರುವನ್ನು ಹೆಗಲಿಗೇರಿಸಿಕೊಂಡು ಬಂದ. ಹಸು, ಪ್ಯಾಂಟಿನ ಮೇಲಿನ ಮುನಿಸು ನುಂಗಿಕೊಂಡು, ಹಿಂದೆ ಬಂತು.

ನ್ಯಾಯವಾಗಿ ಒಂದು ಮಾತು. ಮನೆಗೆ ಬಂದು ನೋಡಿದರೆ ಪ್ಯಾಂಟಿನ ಹೊರಗೆಲ್ಲ ಉಣ್ಣೆ, ಕಾಲಿಗೆ ಒಂದೂ ಇಲ್ಲ. ಬಿಸಿನೀರು ಹುಯ್ದುಕೊಂಡ; ಇಂದಿಗೂ ಅವನಿಗೆ ಜ್ವರವಿಲ್ಲ. ತಮ್ಮ ಸೂಚನೆ ಸುಳ್ಳಲ್ಲ, ಅರ್ಧ ಮಾತ್ರ.

ಪ್ಯಾಂಟು ಒಗೆದು ಕೊಡಪ್ಪ ಎಂದರೆ ಮಾದಣ್ಣ ತಲೆ ಕೆರೆದುಕೊಂಡ. "ಈಗ ಕೊಡಕ್ಕಾಗದಿಲ್ಲ ಸ್ವಾಮ್ಯೋರೆ. ಪಂಚೆ ಉಟ್ಕಂಡ್ ನಿಂತ್ರೆ ಕರ ಅತ್ರಕ್ಕೇ ಬರದಿಲ್ಲ. ಪ್ಯಾಂಟ್ ಕಂಡ್ರೆ ಓಡ್ಬತ್ತದೆ."

ಆದ್ದರಿಂದ ನನ್ನ ಒತ್ತಾಯವಿಷ್ಟೆ: ದನ ಕಾಯುವವರಿಗೆಲ್ಲ ಪ್ಯಾಂಟು, ಕಾಲುಚೀಲ ಇಲಾಖೆಯೇ ಕೊಡಲಿ. ಅದಕ್ಕೂ ಮೊದಲು ತಾವು ಒಂದು ವಾರ ಹಂಗಳಕ್ಕೆ ಬಂದು, ಪ್ಯಾಂಟಿನಲ್ಲೇ ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ ನಮ್ಮ ದನಗಳಿಗೆ ಹಿಂಡಿ ತಿನ್ನಿಸಿ, ಪ್ಯಾಂಟಿನವರಲ್ಲೂ ಒಳ್ಳೆಯವರಿದ್ದಾರೆಂದು ನಂಬಿಸಬೇಕು.

ಕೊನೆಗೆ ಯಾರಿಗೇನು ದಕ್ಕಿತು ನೋಡಿ. ಇಲಾಖೆಗೆ ಫೋಟೊ. ಮಾದಣ್ಣನಿಗೆ ಜ್ವರವಿಲ್ಲದ ಮೈ. ಮರಿತಾಯಮ್ಮನಿಗೆ ಹಸುವೂ ಕರುವೂ. ಕರುವಿಗೆ ನನ್ನ ಪ್ಯಾಂಟು. ನನಗೆ, ಹಿಂದೆ ಇದ್ದ ಪಂಚೆ.

ಇಂತಿ,
ಬೀಗರ ಮನೆಗೆ ಹೇಗೆ ಹೋಗುವುದೆಂದು ತಿಳಿಯದೆ ಕುಳಿತಿರುವ
ಗುರುಪಾದಸ್ವಾಮಿ
ಈರುಳ್ಳಿ ಮಂಡಿ, ಗುಂಡ್ಲುಪೇಟೆ
ಫೆಬ್ರವರಿ ೧೯೯೪