ಕ್ಲಚ್ ಇಲ್ಲದ ಕಾರು

ಮಾರ್ಚ್ 3, ಸೋಮವಾರ

ಮತ್ತೆ ಚಾರ್ಜಿಂಗ್ ವೈರು ಎಳೆದು ಹಾಕಿದ್ದಾಯ್ತು, ಅಡುಗೆಮನೆ ಕಿಟಕಿಯಿಂದ ನನ್ನ ಕಾರಿನವರೆಗೆ. ಇವರು ಬೇಕೆಂದೇ ಪಂಚೆ ಎತ್ತಿ ಹಳ್ಳ ದಾಟಿದ ಹಾಗೆ ಅದನ್ನು ದಾಟಿದರು.

"ಪೆಟ್ರೋಲಾದ್ರೆ ಬಾಟ್ಲೀಲಿ ತಂದು ಹುಯ್ಬೋದು. ಕರೆಂಟನ್ನ ಬಾಟ್ಲೀಲಿ ತತ್ತೀಯೇನೇ ಗಿರಿಜಾ?"

"ಕರೆಂಟು ಮನೆಗೇ ಬತ್ತದೆ ಕಣ್ರೀ. ನಿಮ್ಮ ಪೆಟ್ರೋಲ್ ಬಂಕು ಹಿತ್ತಲಿಗೆ ಬತ್ತದಾ?"

ಕೊಬ್ಬರಿ ಮೂಟೆಗಳನ್ನು ತಮ್ಮ ಪೆಟ್ರೋಲ್ ಕಾರಿನ ಡಿಕ್ಕಿಗೆ ತುಂಬಿಸಿಕೊಂಡು ತಿಪಟೂರು ಮಾರ್ಕೆಟ್ಟಿಗೆ ಹೊರಟರು. ಗೇಟಿನ ಕಂಬಕ್ಕೆ ಕಾರು ಉಜ್ಜಿತು. ಬೈಗುಳವೆಲ್ಲ ಕಂಬಕ್ಕೆ.

ಮಾರ್ಚ್ 6

ಹೋದ ತಿಂಗಳು ಮಗಳು ಮಧುಶ್ರೀ ದೊಡ್ಡ ಕಾರು ಕೊಂಡಳು. ಅವಳ ಈ ಪುಟ್ಟ ಎಲೆಕ್ಟ್ರಿಕ್ ಕಾರು ನನ್ನ ಪಾಲಿಗೆ ಬಂತು. ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ... ಕ್ಲಚ್ ಒತ್ತುವ ಕಾಲಲ್ಲ. ಇಷ್ಟು ವರ್ಷ ಯಾರಾದರೂ ಕರೆದುಕೊಂಡು ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಬಲಗಾಲು ಸಾಕು.

ನಿನ್ನೆ ಒಬ್ಬಳೇ ತುರುವೇಕೆರೆಗೆ ಹೋಗಿ ಕಾಫಿ ಕುಡಿದು ಬಂದೆ. ಬೇರೆ ಕೆಲಸವೇ ಇರಲಿಲ್ಲ. ಇವರಿಗೆ ಹೇಳಿಲ್ಲ. ಹೇಳಿದರೆ "ಮನೇಲಿ ಕಾಫಿಪುಡಿ ಇರ್ನಿಲ್ವಾ?" ಅಂತಾರೆ.

ಮಾರ್ಚ್ 15, ಶನಿವಾರ

ಶಿವರಾಜು ಅಂತ ಒಬ್ಬ ಬಂದಿದ್ದ. ಕಾರಿನ ಸುತ್ತ ಎರಡು ಸುತ್ತು ಹಾಕಿದ, ಟೈರು ಒದ್ದ. ಕೊಳ್ಳುತ್ತಾನಂತೆ! ನನ್ನನ್ನು ಒಂದು ಮಾತು ಕೇಳದೆ ಇವರೇ ಕರೆಸಿದ್ದು. ಮೈಯೆಲ್ಲ ಉರಿದುಹೋಯ್ತು. ಅವನಿಗೆ ನೀರು ಕೂಡ ಕೊಡಲಿಲ್ಲ.

ಅವನು ಹೋದ ಮೇಲೆ ಜಗಳ. ಕಡೆಗೆ ಒಂದು ಒಪ್ಪಂದ. ಯುಗಾದಿವರೆಗೆ ಟೈಮು. ಅಷ್ಟರಲ್ಲಿ ಒಂದೇ ಒಂದು ಸಲ ಕಾರು ದಾರಿಯಲ್ಲಿ ನಿಂತು, ಇವರು ಬಂದು ನನ್ನನ್ನು ಕರೆತರಬೇಕಾದರೂ ಮಾರಾಟ.

"ಆಗ್ಲಿ ಬುಡಿ," ಅಂದೆ.

ಮಾರ್ಚ್ 27

ಹನ್ನೆರಡು ದಿನ ಎಲ್ಲಿಗೂ ಹೋಗಿಲ್ಲ. ಕಾರು ನಿಂತೇ ಇದ್ದರೆ ದಾರಿಯಲ್ಲಿ ಹೇಗೆ ನಿಲ್ಲುತ್ತದೆ! ಆದರೆ ಇದು ಗೆಲುವೇ? ಒಳಗೆ ಬರುತ್ತೇನೆ, ಹೊರಗೆ ಹೋಗುತ್ತೇನೆ, ಕಾರು ಒರೆಸುತ್ತೇನೆ. ಬೋನಿನೊಳಗಿನ ಇಲಿ ಆಗಿದ್ದೇನೆ.

ಸಾಕು. ನಾಳೆ ಕಂದಿಕೆರೆಗೆ ಹೋಗಿ ಅಕ್ಕ ರಾಧಾಮಣಿಗೆ ಹಬ್ಬದ ಸೀರೆ ಕೊಟ್ಟು ಬರುತ್ತೇನೆ. ಅಷ್ಟು ದೂರ ಒಬ್ಬಳೇ ಹೋಗುವುದು ಇದೇ ಮೊದಲು. ಚಾರ್ಜಿಗೆ ಹಾಕಿದ್ದೇನೆ.

ಮಾರ್ಚ್ 28, ಬೆಳಗ್ಗೆ 8

ಅರ್ಧವೂ ಏರಿಲ್ಲ! ಕರೆಂಟು ಬಂದ ಕೂಡಲೇ ಪಂಪು ತಾನೇ ಏಳಲಿ ಅಂತ ಸ್ಟಾರ್ಟರನ್ನು ಆಟೋದಲ್ಲೇ ಬಿಟ್ಟು ಮಲಗಿದ್ದೆ. ನಾನೊಬ್ಬಳೇ ಅಲ್ಲ, ಊರಿಗೆ ಊರೇ ಹಾಗೆ ಬಿಡುತ್ತದೆ. ರಾತ್ರಿ ಪಂಪಿನ ತ್ರೀಫೇಸ್ ಕರೆಂಟು ಬಂದ ಕೂಡಲೇ ಎಲ್ಲರ ತೋಟದ ಪಂಪುಗಳೂ ಒಟ್ಟಿಗೆ ಎದ್ದಿವೆ. ವೋಲ್ಟೇಜು ಬಿದ್ದಿದೆ, ಚಾರ್ಜರು ನಿಂತಿದೆ. ತೆಂಗಿಗೆ ನೀರು ಕುಡಿಸಿ ಕಾರನ್ನು ಉಪವಾಸ ಕೆಡವಿದೆ.

ಇವರಿಗೆ ಹೇಳಲಿಲ್ಲ. ಆ ಗೆದ್ದ ಮುಖ ನೋಡಲಾರೆ. ಅಕ್ಕನ ಮನೆಯಲ್ಲಿ ಚಾರ್ಜು ಹಾಕಿದರಾಯ್ತು.

ಅದೇ ದಿನ, ಸಂಜೆ 5.30

ಅಕ್ಕನ ಊರಲ್ಲಿ ಲೈನ್ ಕೆಲಸ. ಇಡೀ ದಿನ ಕರೆಂಟಿಲ್ಲ. ಮೂರು ಗಂಟೆಯವರೆಗೆ ಕಾದೆ. ತಿಪಟೂರು ಮುಟ್ಟಿದರೆ ಚಾರ್ಜರಿದೆ, ಮುಟ್ಟಿಸಿಬಿಡೋಣ ಅಂತ ಎಸಿ ಆಫ್ ಮಾಡಿ ಹೊರಟೆ. ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರ... ನಿಂತಿತು.

ನಿಂತದ್ದು ಒಂದು ತೋಟದ ಮನೆ ಮುಂದೆ. ಮನೆಯಾಕೆ ಪುಟ್ಟಗಂಗಮ್ಮ ಮಗನ ಕೈಲಿ ಅಂಗಳಕ್ಕೆ ತಳ್ಳಿಸಿದರು. "ಎತ್ತಿಗೆ ಮೇವಾಕ್ದೆ ಗಾಡಿ ಕಟ್ಟಿದ್ಯಲ್ಲವ್ವಾ," ಅಂತ ನಕ್ಕರು. ಇಲ್ಲೂ ಕರೆಂಟು ಬರುವುದು ರಾತ್ರಿ ಏಳಕ್ಕೇ ಅಂತೆ.

ಕತ್ತಲಾಗುತ್ತೆ. ಬೇರೆ ದಾರಿ ಕಾಣಲಿಲ್ಲ, ಇವರಿಗೆ ಫೋನ್ ಮಾಡಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಕತ್ತಲಾಯ್ತದಲ್ಲೇ..." ಅಂದು, ಆಮೇಲೆ "ಬತ್ತೀನಿ," ಅಂದರು. ಸೋತೆ. ಕಾರು ಹೋಯ್ತು. ಅಳು ಬರುತ್ತಿದೆ.

ರಾತ್ರಿ 8, ಪುಟ್ಟಗಂಗಮ್ಮನ ಜಗಲಿ

ಇವರು ಬಂದಾಗ ಕತ್ತಲಾಗಿತ್ತು. ಕಾರಿನ ಕನ್ನಡಿ ಒಂದು ಕಡೆ ಮುರಿದು ನೇತಾಡುತ್ತಿತ್ತು. ಇಳಿದವರು ಜಗಲಿಯಲ್ಲಿ ಕುಸಿದು ಕೂತರು.

"ಏನಾಯ್ತು?"

"ಎದುರುಗಡೆ ಲೈಟು ಬಿದ್ರೆ ಏನೂ ಕಾಣಕ್ಕಿಲ್ಲ ಕಣೇ. ವರ್ಷ ಆಯ್ತು. ಲಾರಿ ಮೈಮೇಲೇ ಬಂದಂಗಾಯ್ತು..." ತಲೆ ಎತ್ತಲಿಲ್ಲ. "ನನ್ ಕೈಲಿ ವಾಪಸ್ ಓಡ್ಸಕ್ಕಾಗಲ್ಲ."

ವರ್ಷ! ಹೊತ್ತು ಮುಳುಗುವ ಮೊದಲೇ ಮಾರ್ಕೆಟ್ಟಿನಿಂದ ಓಡಿಬರುತ್ತಿದ್ದುದು ಇದಕ್ಕೆ. ನನ್ನ ಕಾರಿನ ಮೇಲೆ ಹಾರಾಡುತ್ತಿದ್ದುದೂ ಇದಕ್ಕೇ ಇರಬೇಕು, ಅದು ಕತ್ತಲಲ್ಲಿ ಎಲ್ಲಾದರೂ ನಿಂತರೆ ಇವರೇ ಬರಬೇಕಲ್ಲ. ಸಿಟ್ಟು ಬಂತು, ಭಯವಾಯ್ತು. ಇವರು ಸತ್ತಿದ್ದರೆ? ನಾನು ಕರೆದದ್ದಕ್ಕೆ ಸತ್ತಿದ್ದರೆ?

ಟ್ಯಾಂಕಿನ ತುಂಬ ಪೆಟ್ರೋಲು, ಓಡಿಸುವವರಿಗೆ ಕಣ್ಣಿಲ್ಲ. ನನಗೆ ಕಣ್ಣಿದೆ, ಆ ಕಾರಿಗೆ ಬೇಕಾದ ಕಾಲಿಲ್ಲ. ಒಪ್ಪಂದದ ವಿಷಯ ಕೇಳಿ ಪುಟ್ಟಗಂಗಮ್ಮ ಅಂದರು: "ಹಂಗಾರೆ ಈಗ ಯಾರು ಯಾರನ್ನ ಕರ್ಕೊಂಡೋಗದು?"

ಏಳಕ್ಕೆ ಕರೆಂಟು ಬಂತು, ನನ್ನ ಕಾರನ್ನು ಚಾರ್ಜಿಗೆ ಹಾಕಿದ್ದೇನೆ. ಇನ್ನೊಂದಿಷ್ಟು ಏರಿದರೆ ತಿಪಟೂರಿನ ಚಾರ್ಜರಿಗೆ ಸಾಕು. ಇವರ ಕಾರು ಇಲ್ಲೇ ಇರಲಿ. ಸೋಮವಾರ ಕಣ್ಣಾಸ್ಪತ್ರೆಗೂ ನಾನೇ ಕರೆದುಕೊಂಡು ಹೋಗುತ್ತೇನೆ. ಒಳಗೊಳಗೇ ಖುಷಿಯಾಗುತ್ತಿದೆ. ಇಂಥ ಹೊತ್ತಲ್ಲಿ ಖುಷಿಯಾಗುವುದು ನಾಚಿಕೆಗೇಡು. ಆದರೂ ಆಗುತ್ತಿದೆ.

8.40

ಎದ್ದರು. ಅಭ್ಯಾಸಬಲ, ನೇರ ನನ್ನ ಕಾರಿನ ಬಲಗಡೆ, ಓಡಿಸುವವರ ಬಾಗಿಲಿಗೆ ಹೋದರು. ಹಿಡಿಯ ಮೇಲೆ ಕೈಯಿಟ್ಟು ನಿಂತೇ ಇದ್ದರು. ಈಗ ಬಾನೆಟ್ಟನ್ನು ತಡವಿಕೊಂಡು ನಿಧಾನಕ್ಕೆ ಸುತ್ತಿ ಬಂದು ಎಡಗಡೆ ಬಾಗಿಲು ತೆಗೆದು ಕೂತಿದ್ದಾರೆ.